ಮಾತು ಬರುವ ಮುಂಚಿನ ಮಾತುಕತೆ: ಹುಟ್ಟಿನಿಂದ ಎರಡು ವರ್ಷದವರೆಗೆ ಮಗುವಿನ ಜೊತೆ ಮಾತಾಡುವ ಬಗೆ

ಎರಡು ತಿಂಗಳ ಕೂಸು ಮಡಿಲಲ್ಲಿ ಮಲಗಿ "ಆ...ಗೂ" ಅನ್ನುತ್ತದೆ. ಎತ್ತಿಕೊಂಡವರು "ಹೌದಾ? ಆಮೇಲೇನಾಯ್ತು?" ಅಂತ ಕೇಳಿ ಸುಮ್ಮನೆ ಅದರ ಮುಖ ನೋಡುತ್ತಾರೆ. ನಾಲ್ಕೈದು ಸೆಕೆಂಡು ಏನೂ ಇಲ್ಲ. ಕೂಸು ಕೈ ಆಡಿಸುತ್ತದೆ, ತುಟಿ ದುಂಡಗೆ ಮಾಡುತ್ತದೆ, ಕೊನೆಗೆ "ಊಂ" ಅಂತ ಉತ್ತರ ಬರುತ್ತದೆ. ಈ ನಾಲ್ಕೈದು ಸೆಕೆಂಡಿನ ಮೌನವೇ ಹೆಚ್ಚಿನವರು ಕೈಬಿಡುವ ಭಾಗ. ಮಗುವಿನ ಜೊತೆ ಮಾತಾಡಿ ಅಂದರೆ ಎಡೆಬಿಡದೆ ಮಾತಾಡುತ್ತಾರೆ. ಕೂಸಿನ ಸರದಿ ಬರುವುದೇ ಇಲ್ಲ.

ಮುಂದೆ ಬರೆದಿರುವುದೆಲ್ಲ ಈ ಸರದಿಯನ್ನು ಬೇರೆ ಬೇರೆ ವಯಸ್ಸಿನಲ್ಲಿ ಹೇಗೆ ಬಿಟ್ಟುಕೊಡಬೇಕು ಅನ್ನುವುದರ ಬಗ್ಗೆ. ತಾಯಿ, ತಂದೆ, ಅಜ್ಜಿ, ತಾತ, ಮಗು ನೋಡಿಕೊಳ್ಳಲು ಬರುವವರು, ಯಾರಾದರೂ ಮಾಡಬಹುದು. ಆಟಿಕೆ, ಕಾರ್ಡು, ಆ್ಯಪ್ ಯಾವುದೂ ಬೇಕಿಲ್ಲ.

ಕೂಸಿಗೆ ಮೊದಲೇ ಗೊತ್ತಿರುವುದು

ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಹೊರಗಿನ ಸದ್ದು ಕೇಳುತ್ತಿರುತ್ತದೆ. ಪದಗಳು ಬಿಡಿಬಿಡಿಯಾಗಿ ತಲುಪುವುದಿಲ್ಲ, ಗೋಡೆಯಾಚೆ ಯಾರೋ ಮಾತಾಡಿದಂತೆ ದನಿಯ ಏರಿಳಿತ, ಲಯ ಇಷ್ಟೇ ಒಳಗೆ ಹೋಗುತ್ತದೆ. ಅಷ್ಟರಲ್ಲೇ ಅದು ಗುರುತು ಹಿಡಿಯುತ್ತದೆ. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು, ರಬ್ಬರ್ ತೊಟ್ಟು ಚೀಪುವ ಲಯವನ್ನು ಬದಲಿಸಿಕೊಂಡು, ಬೇರೆ ಹೆಂಗಸಿನ ದನಿಯ ಬದಲು ತಾಯಿಯ ದನಿಯನ್ನೇ ಹಾಕಿಸಿಕೊಂಡವು.

ಎರಡನೆಯ ಸಂಗತಿ ಕನ್ನಡ ಮಾತಾಡುವವರಿಗೆ ಬೇಗ ಹಿಡಿಸುತ್ತದೆ. ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸ ನಮಗೆ ಅಂಗೈ ನೆಲ್ಲಿಕಾಯಿ, ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಅದು ಕೇಳಿಸುವುದೇ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ಇದೇ ಧ್ವನಿಜೋಡಿಯನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಬಹುತೇಕ ಎಲ್ಲವೂ ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಗುರುತಿಸಿದ್ದು ಕೆಲವೇ. ಅಂದರೆ ಸುತ್ತಲಿನವರು ಯಾವ ಧ್ವನಿ ಬಳಸುತ್ತಾರೆ, ಯಾವುದನ್ನು ಬಳಸುವುದಿಲ್ಲ ಎಂಬ ಲೆಕ್ಕ ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಬಹುಮಟ್ಟಿಗೆ ಮುಗಿದಿರುತ್ತದೆ. "ಮಾತು ಬರಲಿ, ಆಮೇಲೆ ಮಾತಾಡಿಸಿದರಾಯ್ತು" ಅನ್ನುವವರು ಈ ಇಡೀ ವರ್ಷವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಹೆಜ್ಜೆ 1: ಮೊದಲು ಕಿವಿ

ಬೇರೆ ಎಲ್ಲಕ್ಕಿಂತ ಮುಂಚೆ ಮಗುವಿಗೆ ಕೇಳುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ತಜ್ಞರು ಬಳಸುವ ಸೂತ್ರ 1-3-6: ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಅದರಲ್ಲಿ ಸಂಶಯ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ದೋಷ ಇದ್ದರೆ ಆರು ತಿಂಗಳೊಳಗೆ ನೆರವು ಶುರು. ತಪಾಸಣೆ ನಿದ್ದೆಯಲ್ಲೇ ಆಗುತ್ತದೆ, ನೋವಿಲ್ಲ.

ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ಹೊಡೆದು ನೋಡುವುದು ಪರೀಕ್ಷೆಯಲ್ಲ. ದೊಡ್ಡ ಸದ್ದಿಗೆ ಬೆಚ್ಚುವ ಮಗುವಿಗೂ ಮಾತಿನ ಸಣ್ಣ ಧ್ವನಿಗಳು ಕೇಳದೆ ಇರಬಹುದು. ಹುಟ್ಟಿದಾಗ ಪಾಸಾಗಿದ್ದರೂ ಆಮೇಲೆ ಶ್ರವಣ ಕುಂದುವುದುಂಟು. ನೆಗಡಿಯ ನಂತರ ಕಿವಿಯ ಒಳಗೆ ನೀರು ನಿಂತರೂ ಕೆಲವು ವಾರ ಮಾತು ಮಂದವಾಗಿ ಕೇಳುತ್ತದೆ. ಕಿವುಡು ಇರುವ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಊಂ, ಆಂ ಎಂದು ಸದ್ದು ಮಾಡುತ್ತದೆ ಎಂಬುದು ನೆನಪಿರಲಿ. ಎಷ್ಟೋ ಮನೆಗಳು ಮೋಸ ಹೋಗುವುದು ಇಲ್ಲಿಯೇ.

ಹೆಜ್ಜೆ 2: ಹೊತ್ತು, ದೂರ, ಬೆಳಕು

ಹಸಿವು ತೀರಿ, ನಿದ್ದೆ ಮುಗಿದು, ಕಣ್ಣು ಅರಳಿಸಿ ಮೈ ಸಡಿಲ ಬಿಟ್ಟು ನೋಡುತ್ತಿರುವ ಹೊತ್ತೇ ಮಾತುಕತೆಯ ಹೊತ್ತು. ಎಳೆಗೂಸಿಗೆ ಇಂಥ ಹೊತ್ತು ಒಂದು ಸಲಕ್ಕೆ ಕೆಲವೇ ನಿಮಿಷ. ಅಷ್ಟನ್ನು ಹಿಡಿದರೆ ಸಾಕು.

ನಿಮ್ಮ ಮುಖ ಕೂಸಿನ ಮುಖದಿಂದ 20–30 ಸೆಂಟಿಮೀಟರ್ ದೂರದಲ್ಲಿರಲಿ, ಅಂದರೆ ಮೊಣಕೈ ಮಡಿಲಲ್ಲಿ ತಲೆ ಇಟ್ಟು ಮಲಗಿಸಿಕೊಂಡಾಗಿನ ದೂರ. ಎಳೆಗೂಸಿನ ಕಣ್ಣಿಗೆ ಚೆನ್ನಾಗಿ ಕಾಣುವುದು ಅಷ್ಟೇ. ನಿಮ್ಮ ಬೆನ್ನ ಹಿಂದೆ ಕಿಟಕಿ ಇದ್ದರೆ ನಿಮ್ಮ ಮುಖ ಕಪ್ಪು ನೆರಳಾಗಿ ಕಾಣುತ್ತದೆ. ತಿರುಗಿ ಕುಳಿತು ಬೆಳಕು ಮುಖದ ಮೇಲೆ ಬೀಳುವಂತೆ ಮಾಡಿಕೊಳ್ಳಿ. ನಾಲ್ಕರಿಂದ ಎಂಟು ತಿಂಗಳ ನಡುವೆ ಕೂಸುಗಳು ಕಣ್ಣಿಗಿಂತ ಹೆಚ್ಚಾಗಿ ಬಾಯನ್ನು ನೋಡಲು ಶುರುಮಾಡುತ್ತವೆ; ತುಟಿ ಕಾಣಬೇಕು.

ಟಿವಿ ಆರಿಸಿ. ಯಾರೂ ನೋಡದಿದ್ದರೂ ಓಡುತ್ತಿರುವ ಟಿವಿ ಎರಡು ಕಡೆಯಿಂದ ತೊಂದರೆ ಕೊಡುತ್ತದೆ: ಗದ್ದಲದಲ್ಲಿ ಮಾತನ್ನು ಬೇರ್ಪಡಿಸಿ ಕೇಳುವುದು ದೊಡ್ಡವರಿಗಿಂತ ಶಿಶುವಿಗೆ ತುಂಬ ಕಷ್ಟ, ಜೊತೆಗೆ ಟಿವಿ ಓಡುವಾಗ ದೊಡ್ಡವರು ತಮಗೇ ತಿಳಿಯದಂತೆ ಮಗುವಿನೊಡನೆ ಮಾತು ಕಡಿಮೆ ಮಾಡುತ್ತಾರೆ.

ಬಾಯಲ್ಲಿರುವ ನಿಪ್ಪಲ್ ಕೂಡ ತೆಗೆಯಿರಿ. ಆರು ತಿಂಗಳ ಶಿಶುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾಲಿಗೆಯ ತುದಿ ಅಲ್ಲಾಡದಂತೆ ತಡೆಯುವ ಚಪ್ಪಟೆ ಆಟಿಕೆಯನ್ನು ಬಾಯಲ್ಲಿಟ್ಟಾಗ ಶಿಶುಗಳು ‘ದ’–‘ಡ’ ವ್ಯತ್ಯಾಸವನ್ನು ಕೇಳಿ ಗುರುತಿಸಲು ಸೋತವು ಎಂದು ತೋರಿಸಿತು. ನಾಲಿಗೆಗೆ ಅಡ್ಡಿಯಾಗದ ಆಟಿಕೆ ಇಟ್ಟಾಗ ಗುರುತಿಸಿದವು. ಕೇಳುವ ಕೆಲಸದಲ್ಲೂ ನಾಲಿಗೆಯ ಪಾಲಿದೆ ಅಂದ ಹಾಗಾಯಿತು. ಇದರಿಂದ ನಿಪ್ಪಲ್ ಕೆಟ್ಟದ್ದು ಅಂತೇನೂ ಆಗುವುದಿಲ್ಲ. ನಿದ್ದೆಗೆ ಇರಲಿ, ಎಚ್ಚರವಾಗಿ ಆಡುವ ಹೊತ್ತಿನಲ್ಲಿ ಬೇಡ.

ಹೆಜ್ಜೆ 3: ದನಿ

ಕೂಸು ಕಂಡ ಕೂಡಲೇ ಹೆಚ್ಚಿನವರ ದನಿ ತಾನಾಗಿ ಏರುತ್ತದೆ, ಮಾತು ನಿಧಾನವಾಗುತ್ತದೆ, ಸ್ವರಗಳು ಎಳೆದುಕೊಳ್ಳುತ್ತವೆ: "ಯಾ...ರು ಬಂದ್ರು? ತಾ...ತಾ ಬಂದ್ರಾ?" ಇದನ್ನು ನೋಡಿ ನಗುವವರಿದ್ದಾರೆ, "ದೊಡ್ಡವರ ಹಾಗೆ ಮಾತಾಡಿಸಿದರೆ ಬೇಗ ಕಲಿಯುತ್ತೆ" ಎಂದು ಬುದ್ಧಿ ಹೇಳುವವರೂ ಇದ್ದಾರೆ. ಬುದ್ಧಿ ಹೇಳುವವರದು ತಪ್ಪು. ಶಿಶುಗಳು ಈ ದನಿಯನ್ನೇ ಹೆಚ್ಚು ಹೊತ್ತು ಆಲಿಸುತ್ತವೆ, ಎಳೆದ ಸ್ವರದಲ್ಲಿ ‘ಆ’, ‘ಈ’, ‘ಊ’ ಒಂದರಿಂದೊಂದು ಇನ್ನಷ್ಟು ದೂರ ನಿಲ್ಲುವುದರಿಂದ ಗುರುತಿಸುವುದೂ ಸುಲಭ.

ಆದರೆ ದನಿ ಎಳೆಯುವುದು ಬೇರೆ, ಪದ ಮುರಿಯುವುದು ಬೇರೆ. "ತೆಂದು ಬಂತು" ಅಂತ ತೊದಲಿ ತೋರಿಸಬೇಡಿ. "ಚೆಂ...ಡು ಬಂತು!" ಅನ್ನಿ. ಮಗುವಿನ ಉಚ್ಚಾರವನ್ನು ನೀವು ಅನುಕರಿಸಿದರೆ ಅದಕ್ಕೆ ಮಾದರಿ ಸಿಗುವುದಿಲ್ಲ. ‘ತಾಚಿ’, ‘ಮಮ್ಮು’ ತರಹದ ಎಳೆಮಾತುಗಳ ಪ್ರಶ್ನೆ ಬೇರೆ. ಅವು ಚಿಕ್ಕವು, ಅಕ್ಷರ ಮರುಕಳಿಸುವಂಥವು, ಬಾಯಿಗೆ ಸುಲಭ. ಅವುಗಳಿಂದ ಭಾಷೆ ಕೆಡುವುದಿಲ್ಲ. ವರ್ಷ ದಾಟಿದ ಮೇಲೆ ಪಕ್ಕದಲ್ಲೇ ನಿಜವಾದ ಪದವನ್ನೂ ಸೇರಿಸುತ್ತ ಹೋಗಿ: "ತಾಚಿ ಮಾಡ್ತೀಯಾ? ಮಲಗ್ತೀಯಾ?"

ವಾಕ್ಯ ಚಿಕ್ಕದಿರಲಿ, ಒಂದೇ ಪದ ಬೇರೆ ಬೇರೆ ಜಾಗದಲ್ಲಿ ಬರಲಿ. "ಚೆಂಡು! ಚೆಂಡು ಎಲ್ಲಿ? ಅಗೋ ಚೆಂಡು. ಚೆಂಡು ತಗೋ." ಇಲ್ಲಿ ‘ಚೆಂ’ ಬಂದಾಗಲೆಲ್ಲ ‘ಡು’ ಬರುತ್ತದೆ, ‘ಡು’ ಆದ ಮೇಲೆ ಬರುವುದು ಮಾತ್ರ ಬದಲಾಗುತ್ತಿರುತ್ತದೆ. ಎಂಟು ತಿಂಗಳ ಶಿಶುಗಳು ಎರಡೇ ನಿಮಿಷ ಕೇಳಿ ಇಂಥ ಲೆಕ್ಕ ಹಿಡಿದು, ಹರಿಯುವ ಧ್ವನಿಸಾಲಿನಲ್ಲಿ ಪದ ಎಲ್ಲಿ ಮುಗಿಯುತ್ತದೆ ಎಂದು ಕಂಡುಕೊಳ್ಳುತ್ತವೆ ಎಂದು 1996ರ ಪ್ರಯೋಗ ತೋರಿಸಿದೆ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ: ಚೆಂಡು, ಚೆಂಡನ್ನ, ಚೆಂಡಿಗೆ, ಚೆಂಡಿನ. ಹಾಗಾಗಿ ಹೊಸ ಪದವನ್ನು ಮೊದಮೊದಲು ಬಾಲವಿಲ್ಲದೆ ಒಂದೆರಡು ಸಲ ಬಿಡಿಯಾಗಿ ಹೇಳುವುದು ಒಳ್ಳೆಯದು. ಬಾಲ ಸೇರಿಸಿ ಹೇಳಲು ಹೆದರಬೇಕಿಲ್ಲ, ಅದೂ ಕಿವಿಗೆ ಬೀಳಬೇಕು.

ಹೆಜ್ಜೆ 4: ಕಾಯುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಅಭ್ಯಾಸ ಮಾಡುವುದಾದರೆ ಇದನ್ನು ಮಾಡಿ.

ಒಂದು ಮಾತು ಹೇಳಿ. ಬಾಯಿ ಮುಚ್ಚಿ. ಹುಬ್ಬು ಸ್ವಲ್ಪ ಏರಿಸಿ, ಮುಖದಲ್ಲಿ ಕುತೂಹಲ ಇಟ್ಟುಕೊಂಡು, ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ನಿಧಾನವಾಗಿ ಎಣಿಸಿ. ಐದು ಸೆಕೆಂಡು ದೊಡ್ಡವರ ನಡುವೆ ಮುಜುಗರ ಹುಟ್ಟಿಸುವಷ್ಟು ಉದ್ದ. ಕೂಸಿಗೆ ಅದು ಬೇಕು. ಕೇಳಿದ್ದನ್ನು ಅರಗಿಸಿಕೊಂಡು, ಉಸಿರು ಎಳೆದು, ಗಂಟಲು ತುಟಿ ಹೊಂದಿಸಿಕೊಳ್ಳಲು ಅದಕ್ಕೆ ಅಷ್ಟು ಹಿಡಿಯುತ್ತದೆ. ಮೂರಕ್ಕೆ ಎಣಿಸುವಾಗಲೇ ನೀವು ಇನ್ನೊಂದು ಪ್ರಶ್ನೆ ಹಾಕಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಉತ್ತರ ಅಂದರೆ ಸದ್ದೇ ಆಗಬೇಕಿಲ್ಲ. ಕಣ್ಣು ಹೊರಳಿಸುವುದು, ಕಾಲು ಒದೆಯುವುದು, ನಾಲಿಗೆ ಹೊರಹಾಕುವುದು, ನಗು, ತೇಗು ಎಲ್ಲವನ್ನೂ ಮಾತೆಂದೇ ಹಿಡಿಯಿರಿ. "ಓಹೋ, ಹಾಗಂತೀಯಾ!" ಎಂದು ಒಂದೆರಡು ಸೆಕೆಂಡಿನೊಳಗೆ ಮರುಮಾತು ಕೊಡಿ. ಕಾಯುವಾಗ ನಿಧಾನ, ಮರುಮಾತಿನಲ್ಲಿ ಚುರುಕು. ತಡವಾಗಿ ಬಂದ ಉತ್ತರ ತನ್ನ ಸದ್ದಿಗೇ ಬಂದದ್ದು ಎಂದು ಕೂಸಿಗೆ ಜೋಡಿಸಲಾಗದು.

ಕೂಸು ಮುಖ ತಿರುಗಿಸಿತೋ, ಆಕಳಿಸಿತೋ, ಬಿಕ್ಕಳಿಸಿತೋ, ಬೆನ್ನು ಬಿಲ್ಲಿನಂತೆ ಬಾಗಿಸಿತೋ, ಅದರ ಅರ್ಥ "ಸಾಕು". ಅದರ ಗಲ್ಲ ಹಿಡಿದು ಮತ್ತೆ ನಿಮ್ಮ ಕಡೆ ತಿರುಗಿಸಿಕೊಳ್ಳಬೇಡಿ. ಸುಮ್ಮನಿರಿ. ಬಹಳ ಸಲ ಅರ್ಧ ನಿಮಿಷದಲ್ಲಿ ಅದೇ ಮರಳಿ ನೋಡುತ್ತದೆ.

ಮರುಮಾತು ನಿಂತರೆ ಏನಾಗುತ್ತದೆ ಎಂಬುದನ್ನು ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ‘ಕಲ್ಲುಮುಖ’ ಎನ್ನಬಹುದಾದ ಪ್ರಯೋಗದಲ್ಲಿ ತೋರಿಸಿದರು. ಆಡಿಸುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಸದ್ದು ಮಾಡುತ್ತದೆ, ತನಗೆ ಬರುವ ಎಲ್ಲ ಉಪಾಯ ಹೂಡುತ್ತದೆ, ಕೊನೆಗೆ ಮುಖ ತಿರುಗಿಸಿ ಸೋತು ಕೂರುತ್ತದೆ. ದಿನಕ್ಕೆ ಎಷ್ಟೋ ಸಲ ಇದೇ ಮುಖವನ್ನು ನಾವು ಮೊಬೈಲ್ ನೋಡುತ್ತ ಮಗುವಿಗೆ ತೋರಿಸುತ್ತೇವೆ. ಒಂದೆರಡು ಸಲ ಆದರೆ ಏನೂ ಆಗುವುದಿಲ್ಲ, ಕಡಿದ ಮಾತನ್ನು ಮತ್ತೆ ಜೋಡಿಸುವುದೂ ಕಲಿಕೆಯೇ. ಅದೇ ಅಭ್ಯಾಸವಾದರೆ ಕಷ್ಟ.

ಹೆರಿಗೆಯ ನಂತರ ವಾರಗಟ್ಟಲೆ ಮನಸ್ಸು ಕುಗ್ಗಿ, ಮಗುವನ್ನು ನೋಡಿದರೂ ಏನೂ ಅನಿಸದ ಸ್ಥಿತಿ ಇದ್ದರೆ ಈ ಹೆಜ್ಜೆ ತಾನಾಗಿ ಬರುವುದಿಲ್ಲ. ಅದು ಕಾಯಿಲೆ, ಸ್ವಭಾವದ ದೋಷವಲ್ಲ. ವೈದ್ಯರಿಗೆ ಹೇಳಿ ಚಿಕಿತ್ಸೆ ಪಡೆಯಿರಿ. ಅಲ್ಲಿಯವರೆಗೆ ಮನೆಯ ಇನ್ನೊಬ್ಬರು ದಿನದ ಕೆಲವು ಹೊತ್ತು ಈ ಕೆಲಸ ವಹಿಸಿಕೊಳ್ಳಲಿ.

ಹೆಜ್ಜೆ 5: ದಿನದ ಕೆಲಸದೊಳಗೆ ಸೇರಿಸುವುದು

"ಮಾತಾಡಿಸುವ ಸಮಯ" ಎಂದು ಪ್ರತ್ಯೇಕ ಗಂಟೆ ಇಟ್ಟುಕೊಂಡವರು ಒಂದು ವಾರದಲ್ಲಿ ಕೈಬಿಡುತ್ತಾರೆ. ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಮಾತನ್ನು ಕಟ್ಟಿಹಾಕಿ. ಡೈಪರ್ ಬದಲಿಸುವುದನ್ನೇ ತೆಗೆದುಕೊಳ್ಳಿ. ದಿನಕ್ಕೆ ಆರೆಂಟು ಸಲ ನಡೆಯುತ್ತದೆ, ಮುಖ ಎದುರುಬದುರು ಇರುತ್ತದೆ, ಕ್ರಮ ಪ್ರತಿ ಸಲವೂ ಒಂದೇ.

ಕೂಸನ್ನು ಮಲಗಿಸಿದ ಕೂಡಲೇ ಕೈ ಹಾಕಬೇಡಿ. ಮುಖ ನೋಡಿ "ಡೈಪರ್ ತೆಗೆಯೋಣ್ವಾ?" ಎಂದು ಕೇಳಿ, ಐದು ಎಣಿಸಿ. ಕಾಲು ಆಡಿಸಿದರೆ "ಹೂಂ ಅಂದೆಯಾ? ಸರಿ" ಎನ್ನಿ. ಕಾಲು ಹಿಡಿದು "ಕಾಲು ಮೇಲೆ...", ಇಲ್ಲಿ ನಿಲ್ಲಿಸಿ, ಆಮೇಲೆ "ಮೇಲೆ!" ಎಂದು ಎತ್ತಿ. ಒರೆಸುವಾಗ "ತಣ್ಣಗಿದೆ, ಅಲ್ವಾ?" ಎನ್ನಿ. ತಣ್ಣಗಿರುವುದು ಮೈಗೆ ತಾಗುತ್ತಿರುವಾಗಲೇ ‘ತಣ್ಣಗೆ’ ಎಂಬ ಪದ ಕಿವಿಗೆ ಬೀಳುತ್ತಿದೆ; ಪದ ಅಂಟಿಕೊಳ್ಳುವುದೇ ಹೀಗೆ. ಹೊಸ ಡೈಪರ್ ತೋರಿಸಿ. ಅಂಟಿಸುವಾಗ "ಒಂದು... ಎರಡು." ಕೊನೆಗೆ "ಆಯ್ತು!" ಎಂದು ಎರಡೂ ಕೈ ಚಾಚಿ ನಿಲ್ಲಿ, ಎತ್ತಿಕೊಳ್ಳಬೇಡಿ. ಆರೇಳು ತಿಂಗಳಿನ ಮಗು ಈ ಕೈ ಕಂಡು ತನ್ನ ಕೈಯನ್ನೂ ಮೇಲೆತ್ತಲು ಶುರುಮಾಡುತ್ತದೆ. ಬಾಯಲ್ಲಿ ಒಂದೂ ಪದವಿಲ್ಲದೆ ಅದು "ಎತ್ಕೋ" ಅಂದಿದೆ.

ಇಷ್ಟಕ್ಕೆ ಮಾಮೂಲಿಗಿಂತ ಹಿಡಿಯುವುದು ಒಂದು ನಿಮಿಷ ಹೆಚ್ಚು. ಪ್ರತಿ ಸಲ ಅದೇ ಪದ, ಅದೇ ಕ್ರಮ ಇರಲಿ. ನಮಗೆ ಬೇಸರ ತರುವ ಪುನರಾವರ್ತನೆಯಿಂದಲೇ ಮಗು ಮುಂದೇನು ಬರುತ್ತದೆ ಎಂದು ಊಹಿಸಲು ಕಲಿಯುವುದು. ಹತ್ತು ದಿನ ಆದ ಮೇಲೆ "ಕಾಲು ಮೇಲೆ..." ಎಂದು ನಿಲ್ಲಿಸಿ ನೋಡಿ, ನೀವು ಎತ್ತುವ ಮೊದಲೇ ಕಾಲು ಏಳಬಹುದು.

ಸ್ನಾನ, ಬಟ್ಟೆ ತೊಡಿಸುವುದು, ಉಣಿಸುವುದು ಎಲ್ಲಕ್ಕೂ ಇದೇ ಲೆಕ್ಕ.

ಹೆಜ್ಜೆ 6: ತೊದಲಿಗೆ ಉತ್ತರ (5–10 ತಿಂಗಳು)

ಸುಮಾರು ನಾಲ್ಕೂವರೆ ತಿಂಗಳಿಗೆ ಕೂಸು ತನ್ನ ಹೆಸರಿನ ಸದ್ದನ್ನು ಬೇರೆ ಹೆಸರುಗಳಿಂದ ಬೇರ್ಪಡಿಸುತ್ತದೆ. ಆರೇಳು ತಿಂಗಳ ಆಸುಪಾಸಿನಲ್ಲಿ ಬರಿಯ ಸ್ವರಗಳ ಜಾಗದಲ್ಲಿ "ಬಬಬ", "ಮಮಮ", "ದದದ" ಬರುತ್ತವೆ. ವ್ಯಂಜನ, ಸ್ವರ ಕೂಡಿ ಸರಿಯಾದ ಅಕ್ಷರವಾಗುವ ಈ ತೊದಲು ಮುಖ್ಯ ಘಟ್ಟ.

ಇಲ್ಲಿ ನೀವು ಮಾಡಬೇಕಾದ್ದು ಸಣ್ಣದು, ಪರಿಣಾಮ ದೊಡ್ಡದು. 2003ರ ಒಂದು ಪ್ರಯೋಗದಲ್ಲಿ ಎಂಟು ತಿಂಗಳ ಶಿಶುಗಳ ತಾಯಂದಿರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಮಗು ಸದ್ದು ಮಾಡಿದ ಕೂಡಲೇ ನಗಬೇಕು, ಹತ್ತಿರ ಬರಬೇಕು, ಮುಟ್ಟಬೇಕು. ಇನ್ನೊಂದು ಗುಂಪಿನವರೂ ಅಷ್ಟೇ ಸಲ ನಕ್ಕು ಮುಟ್ಟಿದರು, ಆದರೆ ತಮ್ಮ ಮಗುವಿನ ಸದ್ದಿಗೆ ಹೊಂದದ ಹೊತ್ತಿನಲ್ಲಿ. ಮೊದಲ ಗುಂಪಿನ ಶಿಶುಗಳ ತೊದಲು ಅದೇ ಕೂಟದಲ್ಲಿ, ಕೆಲವೇ ನಿಮಿಷಗಳಲ್ಲಿ, ಹೆಚ್ಚು ಪಕ್ವವಾಯಿತು. ಎರಡನೆಯದರಲ್ಲಿ ಹಾಗಾಗಲಿಲ್ಲ. ಪ್ರೀತಿ ಎರಡೂ ಕಡೆ ಸಮವಿತ್ತು, ಹೊತ್ತು ಮಾತ್ರ ಬೇರೆ.

ಹಾಗಾಗಿ ಮಗು "ಬಬಬ" ಅಂದಾಗ ಮೂರು ರೀತಿಯಲ್ಲಿ ಉತ್ತರಿಸಬಹುದು. ಅದನ್ನೇ ತಿರುಗಿ ಹೇಳಬಹುದು: "ಬಬಬ!" ಇಲ್ಲವೇ ಸ್ವಲ್ಪ ಬದಲಿಸಬಹುದು: "ಬಬಬ... ಬೂಬೂ!" ಇಲ್ಲವೇ ಅದು ನೋಡುತ್ತಿರುವ ವಸ್ತುವಿಗೆ ಹೆಸರು ಕೊಡಬಹುದು. ಚೆಂಬನ್ನು ನೋಡುತ್ತ "ಬಬ" ಅಂದರೆ "ಚೆಂಬು! ಚೆಂಬು ಬೇಕಾ?" ಎನ್ನಿ. ಕೈಯಲ್ಲಿ ವಸ್ತುವಿದ್ದು ಅದರತ್ತ ಸದ್ದು ಮಾಡುವ ಗಳಿಗೆಯಲ್ಲಿ ಹೇಳಿದ ಹೆಸರು ಮನಸ್ಸಿನಲ್ಲಿ ನಿಲ್ಲುವ ಸಂಭವ ಹೆಚ್ಚು.

"ಅಮ್ಮ ಅನ್ನು, ಅಮ್ಮ ಅನ್ನು" ಎಂದು ಪೀಡಿಸುವುದರಿಂದ ಪ್ರಯೋಜನವಿಲ್ಲ. ‘ಮಮ’ ಬರುವುದು ತುಟಿ ಮುಚ್ಚಿ ತೆರೆಯುವುದು ಸುಲಭ ಎಂಬ ಕಾರಣಕ್ಕೆ. ಅದನ್ನು ‘ಅಮ್ಮ’ ಆಗಿಸುವುದು, ಆ ಸದ್ದು ಬಂದಾಗಲೆಲ್ಲ ಅಮ್ಮ ಬಂದು ನಿಲ್ಲುವುದು. (ಮೊದಲು ‘ಅಪ್ಪ’ ಬಂದರೆ ಅಮ್ಮಂದಿರು ಬೇಜಾರು ಮಾಡಿಕೊಳ್ಳಬಾರದು, ತುಟಿಗೆ ಪಕ್ಷಪಾತವಿಲ್ಲ.)

ಬಾಯಿಗಿಂತ ಅರಿವು ಎಷ್ಟು ಮುಂದಿರುತ್ತದೆ ಎಂದರೆ, ಆರರಿಂದ ಒಂಬತ್ತು ತಿಂಗಳ ಶಿಶುಗಳು ಮೈಯ ಭಾಗ, ತಿನ್ನುವ ವಸ್ತುಗಳ ಕೆಲವು ಹೆಸರು ಕೇಳಿದಾಗ ಸರಿಯಾದ ಚಿತ್ರದ ಕಡೆ ನೋಡುತ್ತವೆ. "ಇದಕ್ಕೇನು ತಿಳಿಯುತ್ತೆ" ಅಂದುಕೊಂಡು ಅದರೆದುರು ಮಾತಾಡುವವರು ಎಚ್ಚರ.

ಹೆಜ್ಜೆ 7: ಬೆರಳು ಎತ್ತ, ಮಾತು ಅತ್ತ (9–15 ತಿಂಗಳು)

ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಗು ವಸ್ತು ನೋಡಿ, ತಿರುಗಿ ನಿಮ್ಮ ಮುಖ ನೋಡಿ, ಮತ್ತೆ ವಸ್ತು ನೋಡುತ್ತದೆ. ಆಮೇಲೆ ತೋರುಬೆರಳು ಬರುತ್ತದೆ. ಬೆರಳಿಗೆ ಎರಡು ಅರ್ಥ: "ಅದು ಬೇಕು" ಮತ್ತು "ಅದನ್ನ ನೋಡು". ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು. ಏನೂ ಬೇಡದೆ, ಬರಿದೇ ಹಂಚಿಕೊಳ್ಳಲು ಮಗು ನಿಮ್ಮನ್ನು ಕರೆಯುತ್ತಿದೆ. ನಮ್ಮ ಭಾಷೆಯಲ್ಲಿ ಇದಕ್ಕೆಂದೇ ಹೇಳಿಮಾಡಿಸಿದ ಪದಗಳಿವೆ: ‘ಅಗೋ’, ‘ಇಗೋ’. ಧಾರಾಳವಾಗಿ ಬಳಸಿ.

ಇಲ್ಲಿನ ನಿಯಮ: ಮಗುವಿನ ಕಣ್ಣು ಎಲ್ಲಿದೆಯೋ ಅಲ್ಲಿಗೆ ನಿಮ್ಮ ಮಾತು ಹೋಗಬೇಕು. ಅದು ಬಾಗಿಲ ಚಿಲಕ ನೋಡುತ್ತಿರುವಾಗ ಪುಸ್ತಕ ಹಿಡಿದು "ನೋಡು, ಆನೆ!" ಅಂದರೆ, ‘ಆನೆ’ ಎಂಬ ಸದ್ದು ಚಿಲಕಕ್ಕೆ ಹೋಗಿ ಅಂಟಿಕೊಳ್ಳಬಹುದು, ಇಲ್ಲವೇ ಎಲ್ಲಿಗೂ ಅಂಟದೆ ಬೀಳಬಹುದು. ಮಗುವಿನ ಗಮನವನ್ನು ಹಿಂಬಾಲಿಸಿ ಹೇಳಿದ ಪದ, ಗಮನವನ್ನು ಎಳೆದು ಹೇಳಿದ ಪದಕ್ಕಿಂತ ಚೆನ್ನಾಗಿ ಕಲಿಕೆಯಾಗುತ್ತದೆ ಎಂದು 1986ರಲ್ಲೇ ತೋರಿಸಿದ್ದಾರೆ. ಚಿಲಕದ ಹತ್ತಿರ ಹೋಗಿ. "ಚಿಲಕ. ಟಕ್ ಅಂತು! ಚಿಲಕ ಹಾಕೋಣ, ಟಕ್. ಚಿಲಕ ತೆಗೆಯೋಣ, ಟಕ್." ಹಾಕುವುದು, ತೆಗೆಯುವುದು, ಚಿಲಕ, ಮೂರೂ ಒಂದೇ ಜಾಗದಲ್ಲಿ ಸಿಕ್ಕವು. ಆನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕೈ ಬೀಸುವುದು, ತಲೆ ಅಲ್ಲಾಡಿಸುವುದು, "ಇಲ್ಲ" ಎಂದು ಅಂಗೈ ತಿರುಗಿಸುವುದು, ಇವನ್ನೆಲ್ಲ ನೀವೂ ಮಾಡಿ. ಸನ್ನೆ ಮಾಡಿದರೆ ಮಾತು ತಡವಾಗುತ್ತದೆ ಎಂಬ ಭಯ ಬೇಡ. ಮಗು ಯಾವ ವಸ್ತುವನ್ನು ಮೊದಲು ಬೆರಳಲ್ಲಿ ತೋರಿಸುತ್ತದೋ ಅದರ ಹೆಸರು ಸಾಮಾನ್ಯವಾಗಿ ಆಮೇಲೆ ಬಾಯಿಗೂ ಬರುತ್ತದೆ.

ಹೆಜ್ಜೆ 8: ಒಂದು ಪದಕ್ಕೆ ಒಂದು ಸೇರಿಸುವುದು (12–24 ತಿಂಗಳು)

ಮೊದಲ ಪದ ವರ್ಷದ ಆಸುಪಾಸಿನಲ್ಲಿ ಬರುತ್ತದೆ, ಒಂದೆರಡು ತಿಂಗಳು ಹಿಂದೆಮುಂದೆ. ‘ನಾಯಿ’ಗೆ ‘ಆಯಿ’ ಅಂದರೂ, ಪ್ರತಿ ಸಲ ನಾಯಿ ಕಂಡಾಗಲೇ ಅಂದರೆ ಅದು ಪದವೇ. ನಾಲ್ಕು ಕಾಲಿನ ಎಲ್ಲವನ್ನೂ ‘ಆಯಿ’ ಅಂದರೂ ಗಾಬರಿ ಬೇಡ. ಅದಿನ್ನೂ ಗಡಿ ಎಳೆಯುತ್ತಿದೆ.

ಮಗು ಒಂದು ಪದ ಹೇಳಿದರೆ ನೀವು ಎರಡು ಹೇಳಿ, ಎರಡು ಹೇಳಿದರೆ ಮೂರೋ ನಾಲ್ಕೋ ಹೇಳಿ. "ಆಯಿ." — "ಹೌದು, ನಾಯಿ! ನಾಯಿ ಓಡ್ತಿದೆ." "ಆಯಿ ಓಡಿ." — "ಕರೀ ನಾಯಿ ಜೋರಾಗಿ ಓಡ್ತು." "ಆಯಿ ಅಲ್ಲ, ನಾಯಿ ಅನ್ನು" ಎಂದು ತಿದ್ದುವ ಅಗತ್ಯವಿಲ್ಲ. ಸರಿಯಾದ ರೂಪ ನಿಮ್ಮ ಉತ್ತರದಲ್ಲೇ ಬಂತು. ತಿದ್ದಿಸಿಕೊಂಡ ಮಗು ಮುಂದಿನ ಸಲ ಬಾಯಿ ತೆರೆಯಲು ಹಿಂಜರಿಯಬಹುದು.

ಇನ್ನೊಂದು ತಪ್ಪು, ಪರೀಕ್ಷೆ ತೆಗೆದುಕೊಳ್ಳುವುದು. ನೆಂಟರು ಬಂದ ಕೂಡಲೇ "ಇದೇನು ಹೇಳು? ಅದೇನು ಹೇಳು? ಕಿವಿ ಎಲ್ಲಿ? ಮೂಗು ಎಲ್ಲಿ?" ಉತ್ತರ ಕೇಳುವವರಿಗೂ ಗೊತ್ತಿರುವ ಪ್ರಶ್ನೆಗಳಿವು. ಒಂದೆರಡು ಆಟದಂತೆ ಸರಿ. ಉಳಿದಂತೆ ಆಯ್ಕೆ ಕೊಡಿ: "ಕೆಂಪು ಅಂಗಿನಾ, ನೀಲಿ ಅಂಗಿನಾ?" ಎರಡನ್ನೂ ಎತ್ತಿ ತೋರಿಸಿ, ಕಾಯಿರಿ. ಉತ್ತರದ ಪದ ಪ್ರಶ್ನೆಯಲ್ಲೇ ಇದೆ, ಬೆರಳಲ್ಲಿ ತೋರಿಸಿದರೂ ನಡೆಯುತ್ತದೆ.

ಎಲ್ಲವನ್ನೂ ಕೇಳುವ ಮೊದಲೇ ಕೈಗಿಡುವ ಮನೆಯಲ್ಲಿ ಮಗುವಿಗೆ ಮಾತಿನ ಅಗತ್ಯ ಬೀಳುವುದಿಲ್ಲ. ಇಷ್ಟದ ಆಟಿಕೆಯನ್ನು ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಇಡಿ. ಮಗು ನೋಡಿ, ಸದ್ದು ಮಾಡಿ, ಬೆರಳು ತೋರಿಸಿದ ತಕ್ಷಣ ಹೆಸರು ಹೇಳಿ ಕೊಡಿ. ಸ್ಪಷ್ಟವಾಗಿ ಹೇಳುವವರೆಗೆ ಕೊಡೆನೆಂದು ಹಟ ಹಿಡಿದರೆ ಅಳು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ.

ಪುಸ್ತಕದ ಬಗ್ಗೆ ಒಂದೇ ಮಾತು: ಓದಿ ಮುಗಿಸುವ ಗುರಿ ಬೇಡ. ದಪ್ಪ ಹಾಳೆಯ, ಪುಟಕ್ಕೊಂದು ದೊಡ್ಡ ಚಿತ್ರವಿರುವ ಪುಸ್ತಕ ಸಾಕು. ಮಗು ಕಚ್ಚಲಿ, ಹಿಂದುಮುಂದಾಗಿ ತಿರುಗಿಸಲಿ, ಒಂದೇ ಪುಟದಲ್ಲಿ ಹತ್ತು ಸಲ ನಿಲ್ಲಲಿ. ಅದು ನಿಂತ ಪುಟದ ಮಾತಾಡಿ.

ಪರದೆ, ಎರಡು ಭಾಷೆ, ಪದಗಳ ಎಣಿಕೆ

2003ರಲ್ಲಿ ಪಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಹನ್ನೆರಡು ಸಲ, ಪ್ರತಿ ಸಲ ಸುಮಾರು 25 ನಿಮಿಷ. ಎದುರು ಕುಳಿತ ಮನುಷ್ಯರು ಆಡಿಸುತ್ತ ಮಾತಾಡಿದ ಗುಂಪು ಆ ಭಾಷೆಯ ಧ್ವನಿಭೇದವನ್ನು ಕಲಿಯಿತು. ಅದೇ ಜನ, ಅದೇ ಮಾತನ್ನು ವಿಡಿಯೊದಲ್ಲಿ ನೋಡಿದ ಗುಂಪು ಕಲಿಯಲಿಲ್ಲ, ಧ್ವನಿ ಮಾತ್ರ ಕೇಳಿದ ಗುಂಪೂ ಕಲಿಯಲಿಲ್ಲ. ಪರದೆ ಕೂಸಿನ ಕಣ್ಣನ್ನು ಹಿಂಬಾಲಿಸುವುದಿಲ್ಲ, ಅದರ ಸದ್ದಿಗೆ ಕಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷ ತುಂಬದವರಿಗೆ ಪರದೆಯೇ ಬೇಡ ಎನ್ನುತ್ತದೆ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಿದ್ದಷ್ಟೂ ಒಳ್ಳೆಯದು. ದೂರದಲ್ಲಿರುವ ಅಜ್ಜಿಯ ಜೊತೆ ವಿಡಿಯೊ ಕರೆ ಈ ಲೆಕ್ಕಕ್ಕೆ ಬೇರೆ, ಅಲ್ಲಿ ಆ ಕಡೆಯಿಂದ ಉತ್ತರ ಬರುತ್ತದೆ.

ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡನ್ನೂ ಆಡಿ. ಎರಡು ಭಾಷೆಯಿಂದ ಮಾತಿನ ದೋಷ ಹುಟ್ಟುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸಿ. ನಿಮಗೆ ನಾಲಿಗೆಯ ಮೇಲೆ ಸಲೀಸಾಗಿ ಆಡುವ ಭಾಷೆಯಲ್ಲೇ ಮಾತಾಡಿ. ಶಾಲೆಗೆ ಅನುಕೂಲ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಆಡಿಸಿದರೆ ಸಿಗುವುದು ನಾಲ್ಕು ಹೆಸರುಪದ; ಮುದ್ದು, ಗದರಿಕೆ, ಕೀಟಲೆ, ಕತೆ ಎಲ್ಲ ಬಿಟ್ಟುಹೋಗುತ್ತದೆ.

42 ಅಮೆರಿಕನ್ ಕುಟುಂಬಗಳನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ ‘ಮೂರು ಕೋಟಿ ಪದಗಳ ಅಂತರ’ ಎಂಬ ಮಾತು ಹುಟ್ಟಿ, ಮಗುವಿನ ಕಿವಿಗೆ ಪದ ಸುರಿಯುವ ಗೀಳು ಹಬ್ಬಿತು. ಅಷ್ಟು ಕಡಿಮೆ ಮನೆಗಳಿಂದ ತೆಗೆದ ಆ ಲೆಕ್ಕಕ್ಕೆ ತಕರಾರುಗಳಿವೆ. ಆಮೇಲೆ 2018ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಿದುಳಿನ ಭಾಷಾಭಾಗದ ಚಟುವಟಿಕೆಗೆ ಹೆಚ್ಚು ನಂಟು ಕಂಡದ್ದು ಕೇಳಿದ ಪದಗಳ ಸಂಖ್ಯೆಯೊಂದಿಗಲ್ಲ, ಮಾತು ಆಚೀಚೆ ಹೋಗಿಬಂದ ಸಲಗಳೊಂದಿಗೆ. ಎಣಿಸಲೇಬೇಕೆಂದರೆ ಸರದಿಗಳನ್ನು ಎಣಿಸಿ.

ವೈದ್ಯರಿಗೆ ಯಾವಾಗ ತೋರಿಸಬೇಕು

ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಹುಟ್ಟಬೇಕಿದ್ದ ದಿನದಿಂದ ವಯಸ್ಸು ಎಣಿಸಿ. ಆಮೇಲೆ ಇವನ್ನು ನೋಡಿ:

- 3 ತಿಂಗಳಾದರೂ ದೊಡ್ಡ ಸದ್ದಿಗೆ ಬೆಚ್ಚುವುದಿಲ್ಲ, ಪರಿಚಿತ ದನಿಗೆ ಸಮಾಧಾನವಾಗುವುದಿಲ್ಲ
- 6 ತಿಂಗಳಾದರೂ ದನಿ ಬಂದ ಕಡೆ ಕಣ್ಣು ಹೊರಳುವುದಿಲ್ಲ, ನಗುವಿಗೆ ನಗು ಇಲ್ಲ
- 10 ತಿಂಗಳಾದರೂ "ಬಬ", "ದದ" ತರಹದ ತೊದಲಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ
- 12 ತಿಂಗಳಾದರೂ ಬೆರಳು ತೋರಿಸುವುದು, ಕೈ ಬೀಸುವುದು ಯಾವ ಸನ್ನೆಯೂ ಇಲ್ಲ
- 16–18 ತಿಂಗಳಾದರೂ ಒಂದೂ ಪದವಿಲ್ಲ
- 24 ತಿಂಗಳಾದರೂ "ಅಮ್ಮ ಬಾ", "ಹಾಲು ಬೇಡ" ಎಂದು ಎರಡು ಪದ ಜೋಡಿಸುವುದಿಲ್ಲ
- ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಪದ, ನೋಟ, ಸನ್ನೆ ಹಿಂದಕ್ಕೆ ಹೋಗಿದೆ

ಕೊನೆಯದಕ್ಕೆ ಒಂದು ವಾರವೂ ಕಾಯಬೇಡಿ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ಕೆಲವು ಮಕ್ಕಳು ನಿಜವಾಗಿಯೂ ತಾವಾಗಿಯೇ ಸಮ ಮಾಡಿಕೊಳ್ಳುತ್ತಾರೆ, ಆದರೆ ಯಾರು ಹಾಗೆ ಮಾಡಿಕೊಳ್ಳುತ್ತಾರೆ ಎಂದು ಮುಂಚೆ ಹೇಳಲಾಗದು. ತೋರಿಸಿ ಏನೂ ಇಲ್ಲ ಎನಿಸಿಕೊಂಡು ಬಂದರೆ ನಷ್ಟವಿಲ್ಲ.

ಮಕ್ಕಳ ವೈದ್ಯರ ಬಳಿ ಮೊದಲು ಕೇಳಬೇಕಾದ್ದು ಶ್ರವಣ ಪರೀಕ್ಷೆ, ಆಮೇಲೆ ವಾಕ್-ಶ್ರವಣ ತಜ್ಞರ ಭೇಟಿ. ಹೋಗುವ ಮುಂಚಿನ ವಾರ, ಮಗು ಅರ್ಥಮಾಡಿಕೊಳ್ಳುವ ಪದಗಳನ್ನು ಒಂದು ಕಡೆ, ಹೇಳುವ ಪದಗಳನ್ನು ಇನ್ನೊಂದು ಕಡೆ ಬರೆದಿಡಿ. ಸನ್ನೆಗಳನ್ನೂ ಬರೆಯಿರಿ. ಮನೆಯಲ್ಲಿ ಎಂದಿನಂತೆ ಆಡುತ್ತಿರುವಾಗ ಎರಡು ನಿಮಿಷದ ವಿಡಿಯೊ ತೆಗೆದುಕೊಳ್ಳಿ, ಮಗುವಿನ ಮುಖ, ನಿಮ್ಮ ಮುಖ ಎರಡೂ ಕಾಣುವಂತೆ. ಹೊಸ ಜಾಗದಲ್ಲಿ, ಹೊಸಬರ ಎದುರು ಬಹಳಷ್ಟು ಮಕ್ಕಳು ತುಟಿ ಬಿಚ್ಚುವುದಿಲ್ಲ. ತಜ್ಞರಿಗೆ ಅರ್ಧ ಗಂಟೆಯ ಭೇಟಿಯಲ್ಲಿ ಕಾಣದೆ ಹೋಗುವುದು ಆ ಎರಡು ನಿಮಿಷದಲ್ಲಿ ಕಾಣಬಹುದು.